ಅಮ್ಮನ ಮಗ್ಗುಲ ಜಾಗ

ಅಪ್ಪ ತೀರಿಕೊಳ್ಳುವ ಹಿಂದಿನ ದಿನ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಯುದ್ಧದ ಕಾಲ, ಬೇಸಿಗೆ. ಮುಳಬಾಗಿಲಿಗೆ ಮದುವೆಯಾಗಿ ಹೋಗಿದ್ದ ನಾನು ತವರಿಗೆ ಬಂದಿದ್ದೆ. ಅಕ್ಕ ರಾಗಿ ಬೀಸುತ್ತಿದ್ದಳು, ನಾನು ಕಲ್ಲಿಗೆ ಕಾಳು ಹಾಕುತ್ತಿದ್ದೆ. ವರ್ಷವರ್ಷವೂ ನಮ್ಮ ತೋಪಿನ ಮಾವಿನ ಫಸಲು ಗುತ್ತಿಗೆ ಹಿಡಿಯುತ್ತಿದ್ದ ಸಾಹೇಬರು ಶ್ರೀನಿವಾಸಪುರದಿಂದ ಗಾಡಿ ಕಟ್ಟಿಸಿಕೊಂಡು ಬಂದು ಜಗುಲಿಯ ಮೇಲೆ ಕೂತಿದ್ದರು. ಅಪ್ಪನೂ ಬಾವನೂ ತೋಪು ಸುತ್ತಿ ಆಗಷ್ಟೇ ಹಿಂದಿರುಗಿದ್ದರು.

"ಬಾವಿ ಪಕ್ಕದ ಚೆಟ್ಟು ಇನ್ನೂ ಎಳಸು ಮಾವ. ಇನ್ನೊಂದು ವಾರ ಬಿಡಣ," ಅಂದರು ಬಾವ. ಮರಕ್ಕೆ ಅವರು ಕೊನೆಯವರೆಗೂ ತೆಲುಗಿನ ಚೆಟ್ಟು ಅಂತಲೇ ಅನ್ನುತ್ತಿದ್ದರು.

"ನಿಮ್ಮ ಅಳಿಯ ಮರ ನೋಡೋದು ಹೆಣ್ಣು ನೋಡಿದಂಗೆ ಯಜಮಾನ್ರೇ," ಅಂದರು ಸಾಹೇಬರು. "ನಾಕು ಸಲ ಕರೆಸ್ತಾರೆ, ಒಪ್ಪಿಗೆ ಮಾತ್ರ ಕೊಡಲ್ಲ."

"ಅವನು ಅಳಿಯ ಅಲ್ಲ ಸಾಹೇಬ್ರೇ, ಮಗ."

"ಮಗ ಆಗಿದ್ರೆ ನಿಮ್ಮ ಮಾತು ಕೇಳ್ತಿರಲಿಲ್ಲ. ನಮ್ಮನೇಲಿ ಮೂರು ಅವೆ, ಬಂದು ನೋಡಿ."

ಎಲ್ಲರೂ ನಕ್ಕರು. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಸಂಜೆ ಬಿಸಿಲು ಇಳಿದ ಮೇಲೆ ಅಪ್ಪ ದಿನದಂತೆ ತೋಪಿನ ಮೂಲೆಗೆ ಹೋಗಿ ಅಮ್ಮನ ಸಮಾಧಿಯ ಹತ್ತಿರ ಕೂತರು. ನಮ್ಮ ಜನ ಹೆಣ ಸುಡುವುದಿಲ್ಲ, ಸ್ವಂತ ಜಮೀನಿನಲ್ಲೇ ಮಣ್ಣು ಮಾಡುತ್ತಾರೆ. ಅಮ್ಮ ಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಅವಳ ಬಲಮಗ್ಗುಲು ತನಗೆಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ಅವರನ್ನು ಊಟಕ್ಕೆ ಕರೆಯಲು ನಾನೂ ಅಕ್ಕನೂ ಹೋದಾಗ ಅಕ್ಕ ಎಡಮಗ್ಗುಲಲ್ಲಿ ಕಾಲು ಚಾಚಿ ಕೂತು, "ಇದು ನಂದು. ಯಾರಿಗೂ ಬಿಟ್ಟುಕೊಡಲ್ಲ," ಅಂದಳು.

"ನಾನು?" ಅಂದೆ.

"ನೀನು ಕೊಟ್ಟ ಮನೇಲಿ ಮಲಕ್ಕೋ ಕಣೇ. ನಾನು ಈ ಮನೆ ಬಿಟ್ಟು ಹೋಗೋಳಲ್ಲ."

ಅಪ್ಪ, "ಥೂ, ದೀಪ ಹಚ್ಚೋ ಹೊತ್ತಲ್ಲಿ ಏನು ಮಾತು ಇದು," ಎಂದು ಗದರಿ ಎದ್ದರು.

ಮರುದಿನ ಬೆಳಿಗ್ಗೆ ಅವರು ಕಪಿಲೆ ಹೊಡೆಯಲು ಹೋದರು. ಬಾವಿಯಿಂದ ನೀರು ಎಳೆಯುವ ಎತ್ತುಗಳು ಇಳಿಜಾರಿನ ನಡುವೆ ನಿಂತುಬಿಟ್ಟದ್ದನ್ನು ಬಾವ ದೂರದಿಂದ ನೋಡಿ ಓಡಿದರು. ಅಪ್ಪ ಹಗ್ಗದ ಮೇಲೆ ಒರಗಿದ್ದರು. ಉಸಿರಿರಲಿಲ್ಲ.

ನಮ್ಮ ಊರು ಗೌನಿಪಲ್ಲಿಯಿಂದ ಪೂರ್ವಕ್ಕೆ, ಗಡಿಯ ಮಗ್ಗುಲಲ್ಲಿ. ಒಂದು ಹಳ್ಳ ದಾಟಿದರೆ ಆಗ ಮದರಾಸು ಪ್ರಾಂತ್ಯ. ಈಚೆ ಮೈಸೂರು. ಹಳ್ಳದಲ್ಲಿ ಮಳೆಗಾಲ ಬಿಟ್ಟರೆ ನೀರೂ ಇರುತ್ತಿರಲಿಲ್ಲ. ನಮ್ಮ ಅಜ್ಜಿ ಹೇಳುತ್ತಿದ್ದ ಪ್ರಕಾರ, ಅವಳ ಕಾಲದಲ್ಲಿ ಮೊದಲು ಬರ ಬಂತು, ಆಮೇಲೆ ಪ್ಲೇಗು ಬಂತು. ಮನೆಗಳ ಬಾಗಿಲು ತೆರೆಯುವವರಿರಲಿಲ್ಲ. ತೆನೆ ಬಲಿತು ಹೊಲದಲ್ಲೇ ಉದುರಿತು, ಕೊಯ್ಯಲು ಕೈಗಳಿಲ್ಲ. ಉಳಿದ ಹಿರಿಯರು ಆಗ ಹಳ್ಳದ ಆಚೆ ಹೋಗಿ, ನಮ್ಮ ಜನದಲ್ಲೇ ಎರಡು ಮೂರು ಗಂಡುಮಕ್ಕಳಿರುವ ಮನೆಗಳನ್ನು ಹುಡುಕಿ, "ಒಬ್ಬನನ್ನು ನಮಗೆ ಕೊಡಿ" ಎಂದು ಕೇಳಿದರು. ಹೆಣ್ಣನ್ನು ಕೊಟ್ಟು ಗಂಡನ್ನು ತಂದರು. ಹಾಗೆ ಬಂದ ಅಳಿಯ ಆ ಮನೆಗೆ ಮಗ. ಹೊಲ, ಮನೆ, ಬಾವಿ ಎಲ್ಲದರಲ್ಲೂ ಮಗನ ಪಾಲು. ಇದಕ್ಕೆ ಇಲ್ಲಟ ಅನ್ನುತ್ತಿದ್ದರು.

ಗಂಡು ಬರುವುದು ಹೆಚ್ಚಾದ ಹಾಗೆ ಶಾಸ್ತ್ರಗಳೂ ತಿರುಗಿದವು. ಎಲ್ಲ ಕಡೆ ಸೊಸೆ ಹೊಸಲ ಮೇಲಿನ ಸೇರಕ್ಕಿ ಒದ್ದು ಒಳಗೆ ಬರುತ್ತಾಳೆ. ನಮ್ಮೂರಿನ ಇಲ್ಲಟದ ಮನೆಗಳಲ್ಲಿ ಅಳಿಯ ಒದೆಯುತ್ತಿದ್ದ. ನಮ್ಮ ಬಾವ ನಾಚಿಕೆಯಲ್ಲಿ ಎಷ್ಟು ಜೋರಾಗಿ ಒದ್ದರೆಂದರೆ ಸೇರು ಹೋಗಿ ದನದ ಕೊಟ್ಟಿಗೆಯಲ್ಲಿ ಬಿತ್ತು, ಅಕ್ಕಿಯನ್ನು ಎಮ್ಮೆ ತಿಂದಿತು. "ನಿಮ್ಮ ಬಾವ ತುಂಬಿಸಿದ್ದು ಎಮ್ಮೆ ಹೊಟ್ಟೆ" ಎಂದು ಅಕ್ಕ ವರ್ಷಗಟ್ಟಲೆ ಹಂಗಿಸುತ್ತಿದ್ದಳು. ನಾನು ಆ ಮದುವೆಯಲ್ಲಿ ಚಿಕ್ಕವಳು. ನಮಗಿದ್ದ ಒಬ್ಬ ತಮ್ಮ ಹಾಲು ಕುಡಿಯುವ ವಯಸ್ಸಿನಲ್ಲೇ ಹೋಗಿದ್ದ. ಆದ್ದರಿಂದ ಅಪ್ಪ ಊರವರ ಮುಂದೆ ತಾಂಬೂಲ ಕೊಟ್ಟು, "ಇವನು ನನ್ನ ಮಗ, ಮನೆ ಇವನದು" ಅಂದರು. ಪಟೇಲರು ಅಕ್ಷತೆ ಹಾಕಿದರು. ಮಾವಿನ ವ್ಯಾಪಾರಕ್ಕೆ ಬಂದಿದ್ದ ಸಾಹೇಬರು ಕೂಡ ಜಗುಲಿಯ ಮೇಲೆ ನಿಂತು ಕೇಳಿದರು.

ಅಪ್ಪನ ದೇಹವನ್ನು ಮನೆಯ ಮುಂದೆ ಚಪ್ಪರದ ಕೆಳಗೆ ಮಲಗಿಸಿದ್ದೆವು. ಮಧ್ಯಾಹ್ನವಾಗುವುದರೊಳಗೆ ಯಲ್ದೂರಿನಿಂದ ಚಿಕ್ಕಪ್ಪ ಬಂದರು. ಅಪ್ಪನ ತಮ್ಮ. ಬಹಳ ಹಿಂದೆಯೇ ಬೇರೆ ಹೋಗಿ ಅಲ್ಲಿ ತೋಟ ಮಾಡಿಕೊಂಡಿದ್ದರು, ಆದರೆ ಅಣ್ಣತಮ್ಮಂದಿರ ನಡುವೆ ಜಮೀನು ಭಾಗವಾಗಿರಲಿಲ್ಲ. ಜೊತೆಗೆ ಬೆಳೆದ ಮಗನನ್ನು ಕರೆತಂದಿದ್ದರು. ಅಪ್ಪನ ಕಾಲು ಮುಟ್ಟಿ ಕಣ್ಣೊರೆಸಿಕೊಂಡರು. ಅದು ಸುಳ್ಳು ಅಳು ಅಂತ ನಾನು ಹೇಳಲಾರೆ. ಆಮೇಲೆ ಎದ್ದು ನಿಂತು, "ಮಡಕೆ ನನ್ನ ಮಗ ಹೊರ್ತಾನೆ," ಅಂದರು.

ನಮ್ಮಲ್ಲಿ ಹೆಣದ ಮುಂದೆ ನೀರಿನ ಮಡಕೆ ಹೊತ್ತು ನಡೆಯುವವನು ಮಗ. ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕುವವನೂ ಅವನೇ. ಯಾರು ಆ ಮಣ್ಣು ಹಾಕುತ್ತಾರೋ ಅವರಿಗೆ ಆ ಮಣ್ಣು ಎಂದು ಎಲ್ಲರಿಗೂ ಗೊತ್ತಿತ್ತು. ಚಪ್ಪರದ ಕೆಳಗೆ ಅಳುವ ಸದ್ದು ಹಾಗೇ ನಿಂತುಹೋಯಿತು.

ಪಟೇಲರು, "ಅಳಿಯ ಇದ್ದಾನಲ್ಲಯ್ಯಾ, ಇಲ್ಲಟದೋನು," ಅಂದರು.

"ಯಾವ ಇಲ್ಲಟ? ಹೋದ ವರ್ಷ ಇವನು ಹಳ್ಳ ದಾಟಿ ಹೋಗಿ ಅವರಪ್ಪನಿಗೆ ಮಡಕೆ ಹೊತ್ತ. ತಲೆ ಬೋಳಿಸ್ಕೊಂಡು ಬಂದ. ಊರೇ ನೋಡಿದೆ. ಅಲ್ಲಿ ಮಗ ಆದೋನು ಇಲ್ಲಿ ಹ್ಯಾಗೆ ಮಗ ಆಗ್ತಾನೆ?"

ಅದು ನಿಜ. ಇಲ್ಲಟ ಬಂದವನು ಹೆತ್ತ ತಂದೆಗೆ ಮಡಕೆ ಹೊರಬಾರದು, ಅದನ್ನು ಅವನ ಅಣ್ಣತಮ್ಮಂದಿರು ಮಾಡಬೇಕು ಎನ್ನುವುದು ನಮ್ಮೂರಿನ ಕಟ್ಟಲೆ. ಆದರೆ ಬಾವನ ಒಬ್ಬನೇ ತಮ್ಮ ಪಟಾಲಮ್ಮಿಗೆ ಸೇರಿ ಯುದ್ಧಕ್ಕೆಂದು ಎಲ್ಲೋ ದೂರ ಹೋಗಿದ್ದ. ತಂದೆ ಹೋದ ಸುದ್ದಿ ಬಂದಾಗ ಬಾವ ಹಗ್ಗ ಹೊಸೆಯುತ್ತಿದ್ದವರು ಹೊಸೆಯುತ್ತಲೇ ಕೂತರು. ಏಳಲಿಲ್ಲ. ಅಪ್ಪನೇ ಹತ್ತಿರ ಹೋಗಿ, "ಹೋಗು ನಾಯನಾ. ಹೆತ್ತೋನು ದಿಕ್ಕಿಲ್ಲದ ಹೆಣ ಆಗಬಾರದು," ಎಂದು ಕೈ ಹಿಡಿದು ಎಬ್ಬಿಸಿದ್ದರು. ಕಟ್ಟಲೆ ಅಪ್ಪನಿಗೂ ಗೊತ್ತಿತ್ತು.

ಅಕ್ಕ ಹೆಂಗಸರ ನಡುವಿನಿಂದ ಎದ್ದಳು. "ಕಳಿಸಿದ್ದು ನಮ್ಮಪ್ಪ."

"ನಿನ್ನ ಯಾರೂ ಕೇಳ್ಲಿಲ್ಲ ಕಣಮ್ಮಾ."

"ಕೇಳ್ದೇ ಇದ್ರೂ ಹೇಳ್ತೀನಿ. ಹೆಣ್ಣು ಬಂದ್ರೆ ಸೊಸೆ, ಗಂಡು ಬಂದ್ರೆ ಪರದೇಶೀನಾ? ನಮ್ಮ ಚಿಕ್ಕಮ್ಮ ಯಾವ ಊರೋಳು ಚಿಕ್ಕಪ್ಪಾ? ಹಳ್ಳದ ಈಚೆಯೋಳಾ?"

ಯಾರೋ ನಗು ನುಂಗಿಕೊಂಡರು. ಚಿಕ್ಕಪ್ಪನ ಮುಖ ಕೆಂಪಾಯಿತು. ಬಿಸಿಲು ಏರುತ್ತಿತ್ತು, ನೊಣಗಳನ್ನು ನಾನು ಸೆರಗಿನಿಂದ ಓಡಿಸುತ್ತಿದ್ದೆ. ಪಟೇಲರು ಒಂದು ಸಲ ಆಕಾಶ ನೋಡಿ, "ಹೆಣ ಕಾಯಲ್ಲ. ಮಡಕೆ ಅಳಿಯ ಹೊರಲಿ. ಜಮೀನಿನ ಮಾತು ಆಮೇಲೆ," ಅಂದರು.

"ಆಮೇಲೆ ಅಂದ್ರಿ. ನೆನಪಿರಲಿ," ಅಂದರು ಚಿಕ್ಕಪ್ಪ.

ಬಾವ ಮಡಕೆ ಹೊತ್ತರು. ಅಮ್ಮನ ಬಲಮಗ್ಗುಲಲ್ಲಿ ಅಪ್ಪನನ್ನು ಮಣ್ಣು ಮಾಡಿದರು. ಮಣ್ಣು ಮಾಡುವ ಹೊತ್ತಿನಲ್ಲಿ ಹೆಂಗಸರು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಬಾವ ಹಿಂದಿರುಗಿ ಬಂದಾಗ ಅವರ ಬಲಗೈ ಮುಷ್ಟಿ ಇನ್ನೂ ಬಿಗಿದೇ ಇತ್ತು. ಕೈ ತೊಳೆಯಲು ನೀರು ಹಾಕಿದಾಗ ನೋಡಿದೆ, ಬೆರಳ ಸಂದಿಯಲ್ಲಿ ಕೆಂಪು ಮಣ್ಣು.

ಹನ್ನೊಂದರ ತಿಥಿಯಲ್ಲಿ ಚಿಕ್ಕಪ್ಪ ಎಲ್ಲರ ಜೊತೆ ಕೂತು ಉಂಡರು. ಕೈ ತೊಳೆದು ನೇರವಾಗಿ ಶ್ರೀನಿವಾಸಪುರಕ್ಕೆ ಹೋಗಿ, ಜಮೀನು ತನ್ನ ಹೆಸರಿಗೆ ಮಾಡಿಕೊಡಬೇಕೆಂದು ತಾಲ್ಲೂಕಿನ ಅಮಲ್ದಾರರಿಗೆ ಅರ್ಜಿ ಕೊಟ್ಟರು. ನಾನು ಮುಳಬಾಗಿಲಿಗೆ ಹೊರಡಬೇಕಾಗಿತ್ತು. ನನ್ನ ಯಜಮಾನರು ಬಂದು ಪರಿಸ್ಥಿತಿ ನೋಡಿ, "ಇದು ಮುಗಿಯೋವರೆಗೂ ಇಲ್ಲೇ ಇರು," ಎಂದು ಹೇಳಿ ಹೋದರು.

ಬಾವ ಕೋಲಾರಕ್ಕೆ ಹೋಗಿ ಒಬ್ಬ ವಕೀಲರನ್ನು ಕಂಡು ಬಂದರು. ಅಂದು ಅವರ ಮುಖದಲ್ಲಿ ಅಪ್ಪ ಹೋದ ಮೇಲೆ ಮೊದಲ ಸಲ ಗೆಲುವಿತ್ತು. ಹಳ್ಳದ ಆಚೆಯ ಕೋರ್ಟುಗಳಲ್ಲಿ ಇಲ್ಲಟಕ್ಕೆ ಕಾನೂನಿನ ಬಲ ಇದೆಯಂತೆ. ಈಚೆ ಹಾಗಲ್ಲ, ಆದರೆ ಈ ಊರಿನಲ್ಲಿ, ಈ ಜನದಲ್ಲಿ ಹಿಂದಿನಿಂದ ನಡೆದುಕೊಂಡು ಬಂದಿದೆ ಎಂದು ನಮ್ಮವರೇ ಅಮಲ್ದಾರರ ಮುಂದೆ ಹೇಳಿದರೆ ಅವರೂ ಒಪ್ಪುತ್ತಾರಂತೆ.

"ಅಷ್ಟೇನಾ?" ಅಂದಳು ಅಕ್ಕ.

"ಅಷ್ಟೇ. ನಾಕು ಮನೆಯವರು ಹೇಳಿದ್ರೂ ಸಾಕಂತೆ."

"ಅರ್ಧ ಊರೇ ಹೇಳುತ್ತೆ, ಬಿಡು."

ನಾವು ಮೊದಲು ಹೋದದ್ದು ಹಿತ್ತಿಲ ಹಿಂದಿನ ಮನೆಗೆ. ಆ ಮನೆಯ ತಾತ ತಾವೇ ಇಲ್ಲಟ ಬಂದವರು. ಮುದುಕರಾದರೂ ಆಚೆಯ ತೆಲುಗೇ ಬಾಯಿಗೆ ಬರುತ್ತಿತ್ತು. "ಹೇಳ್ತೀನಿ ತಲ್ಲೀ, ಇದರಲ್ಲೇನು, ನನ್ನ ನೋಡಿದ್ರೆ ಗೊತ್ತಾಗಲ್ವಾ," ಅಂದರು. ಒಳಗಿನಿಂದ ಅವರ ಹೆಂಡತಿ ಕರೆದಳು. ತಾತ ಒಳಗೆ ಹೋದವರು ಹೊರಗೆ ಬರಲಿಲ್ಲ. ನಾವು ಸ್ವಲ್ಪ ಹೊತ್ತು ನಿಂತಿದ್ದು ಬಂದೆವು. ಮರುದಿನ ಕೇಳಿದರೆ ಮಾಲೂರಿಗೆ, ಮಗಳ ಮನೆಗೆ ಹೋಗಿದ್ದಾರೆ ಎಂದರು.

ಎರಡನೆಯ ಮನೆಯಲ್ಲಿ ಕಾಫಿಯ ಬದಲು ಬೆಲ್ಲದ ನೀರು ಕೊಟ್ಟು, ನಮ್ಮ ಮಾತು ಬಿಟ್ಟು ಬೇರೆಲ್ಲ ಮಾತಾಡಿದರು. ಮೂರನೆಯ ಮನೆಯಲ್ಲಿ ನನ್ನ ಜೊತೆ ಶಾಲೆಗೆ ಬರುತ್ತಿದ್ದ ಹುಡುಗಿಯ ತಾಯಿ ಬಾಗಿಲಲ್ಲೇ ನಿಂತು, ತಗ್ಗಿದ ದನಿಯಲ್ಲಿ ಅಕ್ಕನ ಕೈ ಹಿಡಿದು ಹೇಳಿದಳು: "ನಿಮ್ಮ ಚಿಕ್ಕಪ್ಪ ನಮ್ಮ ಜಗುಲಿ ಮೇಲೂ ಕೂತು ಹೋದ್ರು ಕಣಮ್ಮಾ. 'ಹೇಳಿ, ಧಾರಾಳವಾಗಿ ಹೇಳಿ. ನಿಮ್ಮ ಯಜಮಾನ್ರೂ ಹಂಗೇ ಬಂದೋರು ಅಂತ ಅಮಲ್ದಾರರ ಮುಂದೆ ಬಾಯಿಬಿಟ್ಟು ಹೇಳಿ. ನಿಮ್ಮ ದಾಯಾದಿಗಳಿಗೂ ಕಿವಿ ಅವೆ' ಅಂದ್ರು. ನಾನೇನು ಮಾಡಲಿ? ನಮ್ಮಪ್ಪನ ಅಣ್ಣನ ಮಕ್ಕಳು ಚಿನ್ನದ ಗಣಿ ಕೆಲಸ ಬಿಟ್ಟು ಬಂದು ಊರಲ್ಲೇ ಕೂತವ್ರೆ."

ಆಗ ನನಗೆ ಅರ್ಥವಾಯಿತು. ಅಜ್ಜಿಯ ಕಾಲದಲ್ಲಿ ಭೂಮಿ ಹೆಚ್ಚು, ಜನ ಕಡಿಮೆ. ಬಂದವನನ್ನು ಯಾರೂ ಯಾಕೆ ಬಂದೆ ಅನ್ನಲಿಲ್ಲ. ಈಗ ಉಳದೇ ಬಿಟ್ಟ ಹೊಲ ಒಂದೂ ಇರಲಿಲ್ಲ. ಗಣಿಗೆ ಹೋದವರು ತಿರುಗಿ ಬಂದಿದ್ದರು, ಮನೆಮನೆಯಲ್ಲೂ ಮಕ್ಕಳು ಬೆಳೆದಿದ್ದರು, ರಾಗಿ ಹಳ್ಳ ದಾಟಬಾರದೆಂದು ಸರ್ಕಾರದ ಕಾವಲಿತ್ತು. ಆ ಕಾವಲು ಬಂದ ಮೇಲೆಯೇ ಊರಿನಲ್ಲಿ 'ಆಚೆಯವರು' ಎನ್ನುವ ಮಾತು ಹುಟ್ಟಿದ್ದು. ಪ್ರತಿ ಇಲ್ಲಟದ ಮನೆಗೂ ಒಬ್ಬ ಚಿಕ್ಕಪ್ಪನೋ ದೊಡ್ಡಪ್ಪನ ಮಗನೋ ಇದ್ದ. ನಮ್ಮ ಮನೆ ಉಳಿಯಬೇಕಾದರೆ ಅವರು ತಮ್ಮ ಮನೆಯ ಬಾಗಿಲು ತೆರೆದು ತೋರಿಸಬೇಕಿತ್ತು.

ವಿಚಾರಣೆಯ ದಿನ ಅಮಲ್ದಾರರು ಚಾವಡಿಯಲ್ಲಿ ಕೂತರು. ಗಂಡಸರು ಕಟ್ಟೆಯ ಸುತ್ತ, ನಾವು ಹೆಂಗಸರು ಗೋಡೆಯ ಮಗ್ಗುಲಲ್ಲಿ. ಅಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು, ಬಳೆ ಒತ್ತಿ ನೋಯುತ್ತಿತ್ತು. ಬಿಡಿಸಿಕೊಳ್ಳಲಿಲ್ಲ.

ಅಮಲ್ದಾರರು ಮೊದಲು ಪಟೇಲರನ್ನು ಕೇಳಿದರು. "ಅಳಿಯನನ್ನು ತಂದು ಮಗನ ಹಕ್ಕು ಕೊಡುವ ಪದ್ಧತಿ ನಿಮ್ಮೂರಲ್ಲಿ ಇದೆಯೇನ್ರೀ?"

ಪಟೇಲರ ತಂದೆ ಹಳ್ಳದ ಆಚೆಯಿಂದ ಬಂದು ಸೇರಕ್ಕಿ ಒದ್ದದ್ದನ್ನು ನಮ್ಮ ಅಜ್ಜಿ ಕಣ್ಣಾರೆ ಕಂಡಿದ್ದಳು. ಕೂತಿದ್ದವರಲ್ಲಿ ಅದು ಗೊತ್ತಿಲ್ಲದವರು ಇರಲಿಲ್ಲ. ಪಟೇಲರು ಹೆಗಲ ವಸ್ತ್ರ ತೆಗೆದು ಮಡಿಸಿದರು, ಮತ್ತೆ ಬಿಚ್ಚಿದರು.

"ಕೇಳಿದೀನಿ ಸ್ವಾಮಿ. ನೋಡಿಲ್ಲ."

"ಈ ಮನೆಗೆ ತಾಂಬೂಲ ಆದಾಗ ನೀವಿರಲಿಲ್ಲವೇ?"

"ಮದುವೆ ಅಂತ ಹೋಗಿದ್ದೆ. ಅಕ್ಷತೆ ಹಾಕಿದೆ. ಊಟ ಮಾಡಿದೆ."

ಅಮಲ್ದಾರರು ಒಬ್ಬೊಬ್ಬರನ್ನಾಗಿ ಕೇಳಿದರು. ಅವರು ಕೆಟ್ಟವರಲ್ಲ. ಹೇಳಲು ಎಲ್ಲರಿಗೂ ಸಮಯ ಕೊಟ್ಟರು. ಒಬ್ಬರು ತಾನು ಆಗ ಊರಲ್ಲಿರಲಿಲ್ಲ ಅಂದರು. ಒಬ್ಬರು ತನಗೆ ಕಿವಿ ಮಂದ ಅಂದರು. ಹಿಂದಿನ ಸಾಲಿನಲ್ಲಿ ಯಾರೋ, "ಕೋಳಿ ಕೂಗಿದ್ದು ಮಾತ್ರ ಕೇಳುತ್ತೇನ್ಲಾ ನಿಂಗೆ," ಎಂದು ಗೊಣಗಿದರು. ಗೊಣಗಿದವರೂ ಎದ್ದು ನಿಲ್ಲಲಿಲ್ಲ.

ಆಗ ಸಾಹೇಬರು ಮುಂದೆ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ. "ನಾನಿದ್ದೆ ಹುಜೂರ್. ಯಜಮಾನ್ರು ತಾಂಬೂಲ ಕೊಟ್ಟು, ಇವನು ನನ್ನ ಮಗ ಅಂದ್ರು. ಈ ಕಿವೀಲಿ ಕೇಳಿದೀನಿ."

ಚಿಕ್ಕಪ್ಪ ಎದ್ದರು. "ನಮ್ಮ ಜನದ ಕಟ್ಟಲೆ ಸಾಹೇಬ್ರಿಗೇನು ಗೊತ್ತು ಸ್ವಾಮಿ? ಅವರು ಬೇರೆಯೋರು."

"ಬೇರೆಯೋನಾ?" ಸಾಹೇಬರು ಅವರ ಕಡೆ ತಿರುಗಿದರು. "ನಮ್ಮ ಮುತ್ತಾತನ ಗೋರಿ ಶ್ರೀನಿವಾಸಪುರದಲ್ಲಿದೆ, ಅವರ ಮುತ್ತಾತನದೂ ಅಲ್ಲೇ ಇದೆ. ಈ ಚಾವಡೀಲಿ ಕೂತೋರಲ್ಲಿ ಯಾರ ತಾತ ಮುತ್ತಾತರ ಸಮಾಧಿಯೆಲ್ಲ ಹಳ್ಳದ ಈಚೆ ಇದೆಯೋ ಅವರು ಕೈ ಎತ್ತಲಿ ನೋಡಣ."

ಯಾರೂ ಕೈ ಎತ್ತಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಅಮಲ್ದಾರರು ನಿಧಾನವಾಗಿ ಹೇಳಿದರು: "ಸಾಹೇಬರೇ, ನೀವು ಹೇಳುವುದು ನಿಜವೇ ಇರಬಹುದು. ಆದರೆ ಪದ್ಧತಿ ಯಾರದೋ ಅವರು ಹೇಳಬೇಕು."

ಕೊನೆಗೆ ಬಾವನನ್ನು ಕರೆದರು.

"ನಿಮ್ಮ ತಂದೆ ತೀರಿಕೊಂಡಾಗ ತಲೆ ತೆಗೆಸಿದಿರಾ?"

"ತೆಗೆಸಿದೆ ಸ್ವಾಮಿ."

"ನಿಮ್ಮ ಮಾವ ತೀರಿಕೊಂಡಾಗ?"

ಬಾವ ರುಮಾಲು ತೆಗೆದರು. ಕೂದಲು ಆಗ ತಾನೇ ಚಿಗುರುತ್ತಿತ್ತು.

"ಹಾಗಾದರೆ ನಿಮಗೆ ಎಷ್ಟು ಜನ ತಂದೆಯರಪ್ಪಾ?"

"ಇಬ್ಬರು ಸ್ವಾಮಿ."

ಕೆಲವರು ನಕ್ಕರು. ಅದು ಇಡೀ ಬೆಳಿಗ್ಗೆಯ ಬಿಗಿ ಸಡಿಲವಾಗಿ ಬಂದ ನಗು, ಹಂಗಿಸಿದ್ದಲ್ಲ ಎಂದು ಈಗ ನನಗೆ ಅನ್ನಿಸುತ್ತದೆ. ಬಾವನಿಗೆ ಹಾಗೆ ಕೇಳಿಸಲಿಲ್ಲ. ಅವರು ರುಮಾಲನ್ನು ಕೈಯಲ್ಲೇ ಹಿಡಿದು, ನಮ್ಮ ಕಡೆ ನೋಡದೆ ಚಾವಡಿಯಿಂದ ಇಳಿದು ಹೋದರು.

ಹುಕುಂ ಬಂದದ್ದು ಮಾವಿನ ಕೊಯ್ಲೆಲ್ಲ ಮುಗಿದ ಮೇಲೆ. ಜಮೀನು ಚಿಕ್ಕಪ್ಪನ ಹೆಸರಿಗಾಯಿತು. ಕೋರ್ಟಿಗೆ ಹೋಗಬಹುದು ಎಂದು ವಕೀಲರು ಹೇಳಿಕಳಿಸಿದರು. ಅಕ್ಕ ಹೋಗೋಣ ಅಂದಳು. ಬಾವ ಒಪ್ಪಲಿಲ್ಲ. "ಊರೇ ನೋಡಿಲ್ಲ ಅಂದ್ಮೇಲೆ ಕೋರ್ಟು ಇನ್ನೇನು ನೋಡುತ್ತೆ? ಇಲ್ಲಿ ಯಾರ ಮುಖ ನೋಡ್ಕೊಂಡು ಉಳೋದು?" ಅಂದರು. ಚಿಕ್ಕಪ್ಪ ಬೆಳೆ ಮುಗಿಯುವವರೆಗೂ ಇರಿ ಎಂದು ಹೇಳಿದರು. ಅದಕ್ಕೂ ಅವರು ಒಪ್ಪಲಿಲ್ಲ.

ಗಾಡಿಯಲ್ಲಿ ಪಾತ್ರೆ, ಒನಕೆ, ಬೀಸುವ ಕಲ್ಲು, ಮೇಲೆ ಅಕ್ಕ. ನಾನು ಹಳ್ಳದವರೆಗೆ ನಡೆದು ಹೋದೆ. ಮದುವೆಯಲ್ಲಿ ಅಕ್ಕ ಅತ್ತಿರಲಿಲ್ಲ, ಹೋಗುವುದಿದ್ದರೆ ತಾನೇ ಅಳುವುದು. ಆ ದಿನ ಅತ್ತಳು. ಹಳ್ಳದ ದಡದಲ್ಲಿ ಕಾವಲಿನವನು ಗಾಡಿ ನಿಲ್ಲಿಸಿ, ರಾಗಿ ಇದೆಯೇ ಎಂದು ಕೋಲಿನಿಂದ ಚೀಲ ಚುಚ್ಚಿ ನೋಡಿದ. ಹಿಟ್ಟಿತ್ತು, ದಾರಿಗೆಂದು. ಬಿಟ್ಟ. ಅಕ್ಕ ನನ್ನ ಕಡೆ ಬಗ್ಗಿ, "ಆ ಮಗ್ಗುಲು ನೋಡ್ಕೊಳೇ," ಅಂದಳು. ಏನನ್ನು ಹೇಳಿದಳೆಂದು ಬಾವನಿಗೆ ಗೊತ್ತಾಗಲಿಲ್ಲ.

ಅದಾದ ಮೇಲೆ ನಮ್ಮೂರಿಗೆ ಯಾರೂ ಇಲ್ಲಟ ಬರಲಿಲ್ಲ. ಬರೀ ಹೆಣ್ಣುಮಕ್ಕಳಿರುವವರು ಹೊರಗೆ ಕೊಟ್ಟರು. ಸೇರಕ್ಕಿಯನ್ನು ಎಲ್ಲ ಮನೆಗಳಲ್ಲೂ ಸೊಸೆಯೇ ಒದೆಯುತ್ತಾಳೆ. ಈಗಿನವರನ್ನು ಕೇಳಿದರೆ, "ನಮ್ಮ ಕಡೆ ಅದೆಲ್ಲ ಇರಲಿಲ್ಲ" ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಅವರಿಗೆ ಯಾರೂ ಹೇಳಿಲ್ಲ.

ಎಷ್ಟೋ ವರ್ಷಗಳ ಮೇಲೆ ಬಾವ ಮೊದಲು ತೀರಿಕೊಂಡರು. ಅಕ್ಕ ಕಳೆದ ಮಾಘದಲ್ಲಿ ಹೋದಳು. ಮುಳಬಾಗಿಲಿಗೆ ಸುದ್ದಿ ಬಂದು ನಾನು ತಲುಪುವಷ್ಟರಲ್ಲಿ ಬಾವನ ತಮ್ಮನ ಹೊಲದಲ್ಲಿ ಮಣ್ಣು ಮಾಡಿ ಆಗಿತ್ತು. ಒಳ್ಳೆಯ ಜಾಗ, ಹುಣಸೆಮರದ ನೆರಳಿದೆ. ಅವರು ಏನೂ ಕಡಿಮೆ ಮಾಡಿರಲಿಲ್ಲ.

ಬರುವ ದಾರಿಯಲ್ಲಿ ನಮ್ಮೂರಿನಲ್ಲಿ ಇಳಿದೆ. ಚಿಕ್ಕಪ್ಪನ ಮೊಮ್ಮಗ ಗುರುತು ಹಿಡಿದು, "ಬನ್ನಿ ಅತ್ತೆ, ಕೂತ್ಕೊಳಿ, ಹಣ್ಣಿನ ಕಾಲ ಅಲ್ಲ, ಇಲ್ದಿದ್ರೆ ಕೊಡ್ತಿದ್ದೆ," ಎಂದು ಉಪಚಾರ ಮಾಡಿದ. ತೋಪಿನ ಮೂಲೆಗೆ ಅವನೇ ಕರೆದುಕೊಂಡು ಹೋದ. ಹುಲ್ಲು ಕೀಳಿಸಿ ಸ್ವಚ್ಛವಾಗಿಟ್ಟಿದ್ದಾನೆ. ಅಮ್ಮನ ಬಲಮಗ್ಗುಲಲ್ಲಿ ಅಪ್ಪ ಇದ್ದಾರೆ. ಎಡಮಗ್ಗುಲಲ್ಲಿ ಅಕ್ಕ ಇಲ್ಲ.